ಚಿಕ್ಕಮಗಳೂರಿನಲ್ಲಿ ಬೇಸಿಗೆಯಲ್ಲಿ ಮನೆ ಮಾರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯವರು ಇದುವರೆಗೆ ಎರಡು ಮನೆ ಮಾರಿದ್ದೇವೆ. ಒಂದು ಬಸವನಹಳ್ಳಿ ಕಡೆ ಇದ್ದ ತಂದೆಯವರ ಹೆಂಚಿನ ಮನೆ. ಇನ್ನೊಂದು ನಾವೇ ಕಟ್ಟಿಸಿದ್ದ ಆರ್‌ಸಿಸಿ ಮನೆ. ಎರಡೂ ಬೇಸಿಗೆಯಲ್ಲೇ ಮಾರಿದ್ದು. ಆಮೇಲಿಂದ ಪ್ರತಿ ವರ್ಷ ಶಿವರಾತ್ರಿ ಹತ್ತಿರ ಬಂದರೆ ಸಾಕು, ಪರಿಚಯದವರ ಫೋನ್ ಶುರು. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಎಲ್ಲರಿಗೂ ಸಿಗಲಿ ಅಂತ ಒಂದು ಕಡೆ ಬರೆದಿಟ್ಟಿದ್ದೇನೆ.

ಬೇಸಿಗೆಯಲ್ಲೇ ಮಾರಬೇಕು ಅಂತ ಯಾಕೆ ಹೇಳ್ತಾರೆ?

ನಮ್ಮೂರಿನಲ್ಲಿ ಅದಕ್ಕೆ ಕಾರಣ ಇದೆ. ಅರೇಬಿಕಾ ಕೊಯ್ಲು ಜನವರಿ ಹೊತ್ತಿಗೆ, ರೊಬಸ್ಟಾ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಕಾಫಿ ಮಾರಿದ ದುಡ್ಡು ಕೈಯಲ್ಲಿರುತ್ತದೆ. ಜೂನ್‌ಗೆ ಮಕ್ಕಳನ್ನು ಟೌನಿನ ಶಾಲೆಗೆ ಸೇರಿಸಬೇಕು ಅನ್ನುವ ತೋಟದವರು ಮನೆ ಹುಡುಕುವುದು ಆಗಲೇ. ಬೆಂಗಳೂರಿನಲ್ಲಿರುವ ನಮ್ಮೂರಿನ ಮಕ್ಕಳೂ ಏಪ್ರಿಲ್, ಮೇ ರಜಕ್ಕೆ ಬರುತ್ತಾರೆ. ಬಂದಾಗ ನಾಲ್ಕು ಮನೆ ನೋಡಿಕೊಂಡು ಹೋಗುತ್ತಾರೆ.

ಮೃಗಶಿರ ಮಳೆ ಹಿಡಿದ ಮೇಲೆ ನೋಡಲು ಬರುವವರೇ ಕಡಿಮೆ. ಅದರ ಹಿಂದೆಯೇ ಆಷಾಢ. ಆಷಾಢದಲ್ಲಿ ರಿಜಿಸ್ಟರ್ ಮಾಡಿಸಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ಕೊಳ್ಳುವ ಮನೆಯಲ್ಲಿ ಒಬ್ಬ ಅಜ್ಜಿ ಬೇಡ ಅಂದರೆ ಮುಗಿಯಿತು, ಮಾತು ಶ್ರಾವಣಕ್ಕೆ ಹೋಗುತ್ತದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಮಲೆನಾಡಿನ ಮನೆಯ ರಿಪೇರಿಗೆ ಒಣಗಿದ ಗೋಡೆ ಬೇಕು. ಅದು ಸಿಗುವುದು ಬೇಸಿಗೆಯಲ್ಲಿ ಮಾತ್ರ.

ತಯಾರಿ ಯಾವಾಗ ಶುರು ಮಾಡಬೇಕು?

ಪೇಪರ್ ಕೆಲಸ ಸಂಕ್ರಾಂತಿಗೆ. ಸೂರಿನ ಕೆಲಸ ಫೆಬ್ರವರಿಯಲ್ಲಿ. ಬಣ್ಣ ಮಾರ್ಚ್‌ನಲ್ಲಿ. ಯುಗಾದಿ ಹೊತ್ತಿಗೆ ಮನೆ ತೋರಿಸುವ ಹಾಗಿರಬೇಕು. ಕಾಫಿಯವರು ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ, ಕಾಯುತ್ತಾ ಇರುತ್ತಾರೆ. ಆ ಮಳೆ ಬೀಳುವ ಮೊದಲೇ ನಿಮ್ಮ ಹೆಂಚು ಜೋಡಿಸಿ ಆಗಿರಬೇಕು.

ಗೋಡೆಯಲ್ಲಿ ಥಂಡಿ ಕಲೆ ಇದೆ. ಚೆನ್ನಾಗಿ ಪೇಂಟ್ ಹೊಡೆಸಿದರೆ ಸಾಲದಾ?

ಸಾಲದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಾನು ತಪ್ಪು ಮಾಡಿದ್ದು ಇಲ್ಲೇ.

ತಂದೆಯವರ ಮನೆಯ ಪಶ್ಚಿಮದ ಮೂಲೆ ಕೋಣೆಯಲ್ಲಿ ಪ್ರತಿ ಮಳೆಗಾಲ ಗೋಡೆ ತೇವ ಆಗುತ್ತಿತ್ತು. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಇರಚಲು ಹೊಡೆಯುವುದು ಆ ಕಡೆಗೇ. ಬೇಸಿಗೆಯಲ್ಲಿ ಮಾತ್ರ ಗೋಡೆ ಒಣಗಿ ಒಂದು ಹಳದಿ ಗೆರೆ ಅಷ್ಟೇ ಉಳಿಯುತ್ತಿತ್ತು. ಪೇಂಟರ್ ಹೇಳಿದ, 'ಎರಡು ಕೈ ಪ್ರೈಮರ್ ಕೊಟ್ಟರೆ ಗೊತ್ತೇ ಆಗಲ್ಲ ಸಾರ್' ಅಂತ. ನಾನು ಹೂಂ ಅಂದೆ.

ಏಪ್ರಿಲ್‌ನಲ್ಲಿ ಮೂಡಿಗೆರೆ ಕಡೆಯ ಒಂದು ಕುಟುಂಬ ನೋಡಲು ಬಂತು. ಮಗ, ಸೊಸೆ ಹಾಲ್‌ನಲ್ಲಿ ಮಾತಾಡುತ್ತಾ ನಿಂತರು. ತಾಯಿ ಮಾತ್ರ ಸೀದಾ ಮೂಲೆ ಕೋಣೆಗೆ ಹೋದರು. ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಿಡಿದರು. ಆಮೇಲೆ ಗೋಡೆ ಕಪಾಟಿನ ಬಾಗಿಲು ತೆಗೆದು ತಲೆ ಒಳಗಿಟ್ಟು ಮೂಸಿದರು. ನಾವು ಬಣ್ಣ ಬಳಿದದ್ದು ಹೊರಗೆ. ಕಪಾಟಿನ ಒಳಗೆ ಬೂಷ್ಟಿನ ವಾಸನೆ ಹಾಗೇ ಇತ್ತು. 'ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಇಡಕ್ಕಾಗುತ್ತೇನಪ್ಪ?' ಅಂತ ಕೇಳಿದರು. ಇಲ್ಲ ಅಮ್ಮ ಅಂದೆ. ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ.

ಮಾರನೇ ವಾರ ಆ ಮೂಲೆಯ ಹೆಂಚು ಇಳಿಸಿ ನೋಡಿದೆವು. ಎರಡು ಸೂರು ಕೂಡುವ ಕಡೆ ಹಾಕಿದ್ದ ತಗಡಿನ ದೋಣಿ ತುಕ್ಕು ಹಿಡಿದು ತೂತಾಗಿತ್ತು. ವರ್ಷಗಟ್ಟಲೆ ನೀರು ಗೋಡೆಯ ತಲೆಗೇ ಇಳಿಯುತ್ತಿತ್ತು. ದೋಣಿ ಬದಲಿಸಿ, ಉಪ್ಪು ಬಿಟ್ಟಿದ್ದ ಗಾರೆ ಕೆತ್ತಿ, ಹೊಸ ಗಾರೆ ಮಾಡಿಸಿದೆವು. ಖರ್ಚು ನಾನು ಹೆದರಿದ್ದಷ್ಟು ಬರಲಿಲ್ಲ. ಮನೆ ಬೇರೆಯವರಿಗೆ ಹೋಯಿತು. ಅವರಿಗೆ ಹಳೆ ಗಾರೆಯ ಫೋಟೋ, ಹೊಸ ದೋಣಿಯ ಫೋಟೋ ಎರಡನ್ನೂ ತೋರಿಸಿದೆ.

ತೇವ ಎಲ್ಲಿಂದ ಬರುತ್ತಿದೆ ಅನ್ನುವುದಕ್ಕೆ ಒಂದು ಅಂದಾಜು ಹೀಗಿದೆ. ನೆಲದಿಂದ ಎರಡು ಮೂರು ಅಡಿವರೆಗೆ ಕಲೆ ಇದ್ದರೆ ನೀರು ತಳದಿಂದ ಏರುತ್ತಿದೆ. ಹೊರಗಿನ ಮಣ್ಣು ಪಾಯಕ್ಕಿಂತ ಎತ್ತರಕ್ಕೆ ಬಂದಿದೆಯಾ, ಚರಂಡಿ ಕಟ್ಟಿದೆಯಾ ನೋಡಿ. ಮೇಲಿಂದ ಇಳಿದ ಕಲೆ ಆದರೆ ಸೂರು. ನಡುವೆ ದುಂಡಗೆ ಇದ್ದು ಬೇಸಿಗೆಯಲ್ಲೂ ಒಣಗದಿದ್ದರೆ ಪೈಪ್. ಕಾರಣ ಸರಿಮಾಡಿ, ಗಾರೆಗೆ ವಾರ ನೀರುಣಿಸಿ, ಬಣ್ಣ ಹಚ್ಚುವ ಮೊದಲು ನಾಲ್ಕು ವಾರ ಬಿಡಿ. ಫೆಬ್ರವರಿಯಲ್ಲೇ ಶುರು ಮಾಡಿ ಅಂದದ್ದು ಇದಕ್ಕೇ.

ಆರ್‌ಸಿಸಿ ತಾರಸಿ ಸೋರುತ್ತಾ ಇಲ್ವಾ ಅಂತ ಬೇಸಿಗೆಯಲ್ಲಿ ಹೇಗೆ ತಿಳಿಯುವುದು?

ನೀರು ಕಟ್ಟಿ ನೋಡಿ. ಮಳೆ ನೀರಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಅನುಮಾನ ಇರುವ ಭಾಗಕ್ಕೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. ಎರಡು ದಿನ ಬಿಡಿ. ಕೆಳಗೆ ಸೀಲಿಂಗ್‌ನಲ್ಲಿ ಕಪ್ಪು ಕಲೆ ಬಂದರೆ ಜಾಗ ಸಿಕ್ಕಿತು. ಇಡೀ ತಾರಸಿಗೆ ಒಂದೇ ಸಲ ನೀರು ತುಂಬಬೇಡಿ. ಚಪ್ಪಡಿಗೆ ಸುಮ್ನೆ ಭಾರ, ಬೇಸಿಗೆಯಲ್ಲಿ ಅಷ್ಟು ನೀರೂ ಇರುವುದಿಲ್ಲ. ಒಂದು ಮೂಲೆಯದು ಮುಗಿದ ಮೇಲೆ ಅದೇ ನೀರನ್ನು ಗಿಡಗಳಿಗೆ ಬಿಡಬಹುದು.

ಸಾಮಾನ್ಯವಾಗಿ ಸೋರುವುದು ಚಪ್ಪಡಿಯ ನಡುವೆ ಅಲ್ಲ. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಅಂಚು, ಪೈಪ್ ಇಳಿದ ತೂತು, ಟ್ಯಾಂಕಿನ ಕಂಬದ ಬುಡ. ಮೊದಲು ಅಲ್ಲಿ ನೋಡಿ.

ಹೆಂಚಿನ ಮನೆಗೆ ಬೆಲೆ ಇದೆಯಾ? ಕೆಡವಿ ಸೈಟ್ ಅಂತ ಮಾರುವುದು ವಾಸಿ ಅಂತಾರಲ್ಲ.

ಕೆಲವು ಕಡೆ ಅದು ನಿಜ. ಪೇಟೆಯೊಳಗೆ ಕೊಳ್ಳುವವರು ಜಾಗಕ್ಕೇ ದುಡ್ಡು ಕೊಡುತ್ತಾರೆ. ಆದರೆ ಕೊಳ್ಳುವವರು ಸಿಗುವ ಮೊದಲೇ ನೀವಾಗಿ ಕೆಡವಬೇಡಿ. ಬೇಸಿಗೆ ಮಧ್ಯಾಹ್ನ ಹೆಂಚಿನ ಮನೆಯ ಜಗಲಿಯಲ್ಲಿ ಹತ್ತು ನಿಮಿಷ ಕೂತವರು ಮನಸ್ಸು ಬದಲಿಸಿದ್ದನ್ನು ನಾನು ನೋಡಿದ್ದೇನೆ.

ಹೆಂಚು ಕೈಯಾಡಿಸಿ (ಇಳಿಸಿ ಮತ್ತೆ ಜೋಡಿಸಿ), ಒಡೆದದ್ದು ಬದಲಿಸಿ. ಹೆಂಚು ಹೊರುವ ಮರದ ಪಕಾಸು, ರೀಪುಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು. ಅದನ್ನು ಮುಚ್ಚಿಡದೆ ಬದಲಿಸಿ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದರ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಅಟ್ಟದಲ್ಲಿ ಹಳೆ ಹೆಂಚು ಇದ್ದರೆ ಗುಜರಿಗೆ ಹಾಕಬೇಡಿ. ಕೊಳ್ಳುವವರಿಗೆ ಬಿಟ್ಟುಕೊಡಿ.

ನೋಡಲು ಬಂದವರು ಮೊದಲು ಏನು ನೋಡ್ತಾರೆ?

ನೀರು. ಬೇಸಿಗೆಯಲ್ಲಿ ಬರುವವರು ನಲ್ಲಿ ತಿರುಗಿಸದೆ ಹೋಗುವುದಿಲ್ಲ. ಟೌನಿಗೆ ಯಗಚಿ ಮತ್ತು ಹಿರೇಕೊಳಲೆ ಕೆರೆಯ ನೀರು ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅವರಿಗೆ ಬೇಕಾದದ್ದು ನಿಮ್ಮ ಬೀದಿಯ ಸುದ್ದಿ. ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತು ಬರುತ್ತದೆ, ಸಂಪು ಎಷ್ಟು ಲೀಟರಿನದು, ಬೋರ್ ಇದ್ದರೆ ಎಷ್ಟು ಅಡಿ. ಇದ್ದದ್ದು ಇದ್ದ ಹಾಗೆ ಹೇಳಿ. ಪಕ್ಕದ ಮನೆಯವರನ್ನು ಅವರು ಕೇಳಿಯೇ ಕೇಳುತ್ತಾರೆ. ಸಂಪು, ಟ್ಯಾಂಕ್ ತೊಳೆಸಿಡಿ. ಮೋಟಾರ್ ಒಮ್ಮೆ ಹಾಕಿ ತೋರಿಸಿ.

ತೋರಿಸಲು ಯಾವ ಹೊತ್ತು ಒಳ್ಳೆಯದು?

ಬೆಳಿಗ್ಗೆ ಎಂಟರಿಂದ ಹತ್ತೂವರೆ. ಇಲ್ಲವಾದರೆ ಸಂಜೆ ನಾಲ್ಕೂವರೆ ಮೇಲೆ. ಅವರು ಬರುವ ಅರ್ಧ ಗಂಟೆ ಮೊದಲು ಕಿಟಕಿಗಳನ್ನೆಲ್ಲ ತೆಗೆದಿಡಿ. ಒಮ್ಮೆ ನೋಡಿ ಇಷ್ಟಪಟ್ಟವರನ್ನು ಮಧ್ಯಾಹ್ನವೂ ಒಮ್ಮೆ ಕರೆಯಿರಿ. ಎ.ಸಿ. ಇಲ್ಲದೆ ಮನೆ ತಣ್ಣಗಿರುವುದು ಬಯಲುಸೀಮೆಯಿಂದ ಬಂದವರಿಗೆ ದೊಡ್ಡ ವಿಷಯ.

ಭರಣಿ, ಕೃತ್ತಿಕೆ ಮಳೆ ಜೋರಾಗಿ ಹೊಡೆದ ಸಂಜೆ ಅವರು ಬರುತ್ತೇನೆ ಅಂದರೆ ಬೇಡ ಅನ್ನಬೇಡಿ. ಸೋರದ ಮನೆಗೆ ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ಸಾಮಾನೆಲ್ಲ ಖಾಲಿ ಮಾಡಿ ತೋರಿಸಬೇಕಾ?

ಬೇಡ. ಆದರೆ ಮುರಿದ ಮಂಚ, ಹಳೆ ಪೇಪರ್, ತುಂಬಿದ ಅಟ್ಟ, ಬಾತ್‌ರೂಮಿನ ಒಡೆದ ಬಕೆಟ್ ಹೊರಗೆ ಹೋಗಲಿ. ಕಪಾಟುಗಳಿಗೆ ಒಂದು ವಾರ ಬಿಸಿಲು ಕಾಣಿಸಿ. ಮುಂಬಾಗಿಲಿಗೆ ಎಣ್ಣೆ ಅಥವಾ ಪಾಲಿಶ್ ಹಚ್ಚಿ. ನಮ್ಮ ಮನೆಯ ಅಡುಗೆಮನೆ ಬಾಗಿಲ ದಾರಂದದ ಮೇಲೆ ಮಕ್ಕಳ ಎತ್ತರ ಬರೆದ ಪೆನ್ಸಿಲ್ ಗೆರೆಗಳಿದ್ದವು, ಹೆಸರು, ತಾರೀಖು ಸಮೇತ. ಅಳಿಸಲು ನನ್ನ ಹೆಂಡತಿ ಬಿಡಲಿಲ್ಲ. ಕೊಂಡವರು ಅದಕ್ಕೆ ಬಣ್ಣ ಹಚ್ಚದೆ ತಮ್ಮ ಮಗನ ಗೆರೆಯನ್ನು ಪಕ್ಕದಲ್ಲೇ ಹಾಕಿದ್ದಾರೆ.

ಯಾವ ಯಾವ ಪೇಪರ್ ಬೇಕು?

ನಿಮ್ಮ ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ಇ-ಖಾತೆ (ಆಸ್ತಿ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಡಿಜಿಟಲ್ ಖಾತೆ), ಇ.ಸಿ. (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ), ಕಂದಾಯದ ರಸೀದಿ, ಭೂಪರಿವರ್ತನೆ ಆದೇಶ, ಬಡಾವಣೆಯ ಅನುಮೋದನೆ, ಮನೆ ಕಟ್ಟಲು ಪಡೆದ ಪರವಾನಗಿ ಮತ್ತು ನಕ್ಷೆ. ಕೊಳ್ಳುವವರು ಬ್ಯಾಂಕ್ ಸಾಲ ಮಾಡುವವರಾದರೆ ಇವುಗಳಲ್ಲಿ ಒಂದು ಇಲ್ಲದಿದ್ದರೂ ತಿಂಗಳುಗಟ್ಟಲೆ ಎಳೆಯುತ್ತದೆ.

ಇ-ಖಾತೆ ಮೊದಲು. 2024ರ ಅಕ್ಟೋಬರ್ 7ರಿಂದ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳ ಆಸ್ತಿಗೆ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಊರ ಹೊರಗಿನ ಪಂಚಾಯಿತಿ ಮನೆಗಳಿಗೆ ಪಂಚಾಯಿತಿಯ ಇ-ಸ್ವತ್ತು ಖಾತೆ ಬೇಕು. ಅರ್ಜಿ ಕೊಟ್ಟ ಮೇಲೆ ಖಾತೆಯಲ್ಲಿ ಹೆಸರಿನ ಕಾಗುಣಿತ, ಸೈಟಿನ ಅಳತೆ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮೂರನ್ನೂ ಕ್ರಯಪತ್ರದ ಪಕ್ಕ ಇಟ್ಟುಕೊಂಡು ಓದಿ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪತ್ರದಲ್ಲಿ ಇನ್ನೊಂದು ಇರುವುದು ನಮ್ಮ ಕಡೆ ತುಂಬಾ ಜಾಸ್ತಿ. ಅದನ್ನು ಸರಿಮಾಡಿಸುವುದೇ ಒಂದು ತಿಂಗಳ ಕೆಲಸ ಆಗಬಹುದು.

ಇ.ಸಿ.ಯನ್ನು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲೇ ಪಡೆಯಬಹುದು. ಆ ಅವಧಿಯಲ್ಲಿ ವ್ಯವಹಾರ ನಡೆದಿದ್ದರೆ ನಮೂನೆ 15, ನಡೆದಿಲ್ಲದಿದ್ದರೆ ನಮೂನೆ 16 ಬರುತ್ತದೆ. ಹೊಸ ವರ್ಷದ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿಬಿಡಿ. ಶೇ 5 ರಿಯಾಯಿತಿ ಇದೆ, ರಸೀದಿಯೂ ತಾಜಾ ಇರುತ್ತದೆ.

ಮನೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದೆ. ಗಂಡುಮಕ್ಕಳು ಸಹಿ ಹಾಕಿದರೆ ಸಾಕಾ?

ಸಾಕಾಗುವುದಿಲ್ಲ. ಹಿಂದೂ ಕುಟುಂಬಗಳಲ್ಲಿ ತಂದೆಯ ಸ್ವಂತ ಗಳಿಕೆಯ ಮನೆ ವಿಲ್ ಇಲ್ಲದೆ ಉಳಿದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆಯ ತಾಯಿ ಇದ್ದರೆ ಅವರು, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ವಂಶವೃಕ್ಷ ಮಾಡಿಸಿ, ಖಾತೆಯನ್ನು ವಾರಸುದಾರರ ಹೆಸರಿಗೆ ತನ್ನಿ. ಆಮೇಲೆ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬಹುದು. ಪಾಲು ಬೇಡ ಅನ್ನುವವರು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಕೊಡಬೇಕು.

ಅಕ್ಕತಂಗಿಯರಿಗೆ ಈ ವಿಷಯ ಫೋನಿನಲ್ಲಿ ಹೇಳಿ ಮುಗಿಸಬೇಡಿ. ಹೋಗಿ ಕೂತು ಮಾತಾಡಿ. ನಾವು ಮಾರುವ ಮೊದಲು ಅಕ್ಕನನ್ನು ಕರೆಸಿದೆವು. ಅವಳು ಎರಡು ದಿನ ಆ ಮನೆಯಲ್ಲೇ ಇದ್ದು, ಹಿತ್ತಲಿನ ಮಲ್ಲಿಗೆ ಬಳ್ಳಿಯ ಕಡ್ಡಿ ಮುರಿದುಕೊಂಡು ಹೋದಳು. ಅವಳ ಪಾಲನ್ನು ಅವಳ ಖಾತೆಗೇ ಹಾಕಿದೆವು. ಇದು ಉಪಕಾರ ಅಲ್ಲ, ಅವಳದೇ ದುಡ್ಡು.

ಮನೆ ಮೇಲೆ ಸಾಲ ಇದೆ. ಮಾರಬಹುದಾ?

ಮಾರಬಹುದು. ಬ್ಯಾಂಕಿನಿಂದ ಬಾಕಿ ಎಷ್ಟು ಅನ್ನುವ ಪತ್ರ ತೆಗೆದುಕೊಂಡು ಮೊದಲ ದಿನವೇ ಕೊಳ್ಳುವವರಿಗೆ ತೋರಿಸಿ. ಅವರ ಹಣದಲ್ಲಿ ಒಂದು ಭಾಗ ನೇರ ಸಾಲದ ಖಾತೆಗೆ ಹೋಗುವ ಹಾಗೆ ಕರಾರಿನಲ್ಲಿ ಬರೆಸಿ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆ ತೀರಿಸಿದರೆ ದಂಡ ಇಲ್ಲ. ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಅಡಮಾನ ನೋಂದಣಿ ಆಗಿದ್ದರೆ ಅದರ ಬಿಡುಗಡೆಯನ್ನೂ ಮಾಡಿಸಿ, ಹೊಸ ಇ.ಸಿ. ತೆಗೆಸಿ ನೋಡಿ.

ಬೆಲೆ ಹೇಗೆ ಕಟ್ಟುವುದು?

ಸರ್ಕಾರದ ಮಾರ್ಗಸೂಚಿ ಬೆಲೆ ಕಾವೇರಿಯಲ್ಲಿ ಸಿಗುತ್ತದೆ. ಅದಕ್ಕಿಂತ ಕಡಿಮೆ ಬೆಲೆಗೆ ಮಾರಿದರೂ ಮುದ್ರಾಂಕ ಶುಲ್ಕ ಲೆಕ್ಕ ಹಾಕುವುದು ಮಾರ್ಗಸೂಚಿ ಬೆಲೆಗೇ. ಆಮೇಲೆ ನಿಮ್ಮದೇ ಬೀದಿಯಲ್ಲಿ ಈ ಒಂದು ವರ್ಷದಲ್ಲಿ ಮಾರಾಟವಾದ ಎರಡು ಮೂರು ಮನೆ ಎಷ್ಟಕ್ಕೆ ಹೋದವು ವಿಚಾರಿಸಿ. ಬೈಪಾಸ್ ಕಡೆಯ ಬೆಲೆ ಕೇಳಿಕೊಂಡು ಕೋಟೆ ಬಡಾವಣೆಯ ಮನೆಗೆ ಬೆಲೆ ಕಟ್ಟಬೇಡಿ.

ಕೊಳ್ಳುವವರ ಖರ್ಚನ್ನೂ ನೆನಪಿಡಿ. ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎಲ್ಲ ಸೇರಿ ಟೌನಿನಲ್ಲಿ 50 ಲಕ್ಷದ ಮನೆಗೆ ಸುಮಾರು 3.8 ಲಕ್ಷ. ಅವರು ಚೌಕಾಶಿ ಮಾಡುವಾಗ ಈ ಲೆಕ್ಕ ಅವರ ತಲೆಯಲ್ಲಿರುತ್ತದೆ.

ಬ್ರೋಕರ್ ಬೇಕಾ?

ನೀವು ಊರಲ್ಲಿಲ್ಲದಿದ್ದರೆ ಬೇಕು. ಕಮಿಷನ್ ಶೇ 1 ಅಥವಾ 2 ಅಂತ ಮೊದಲೇ ಮಾತಾಡಿ. ಕೀಲಿ ಒಬ್ಬರ ಕೈಯಲ್ಲಿ ಮಾತ್ರ ಇರಲಿ.

ಅರ್ಧ ಕ್ಯಾಶ್ ಕೊಡ್ತೀವಿ ಅಂತಾರೆ. ತಗೊಳ್ಳಬಹುದಾ?

ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ಮೊತ್ತ ದಂಡ ಬೀಳಬಹುದು. ದಂಡ ಬೀಳುವುದು ತೆಗೆದುಕೊಂಡವರಿಗೆ, ಅಂದರೆ ನಿಮಗೆ. ಆ ದುಡ್ಡನ್ನು ಮುಂದೆ ಇನ್ನೊಂದು ಮನೆಗೆ ಹಾಕಲೂ ಆಗುವುದಿಲ್ಲ. ಪೂರ್ತಿ ಬೆಲೆ ಪತ್ರದಲ್ಲೇ ಬರಲಿ.

ತೆರಿಗೆ ಎಷ್ಟು ಕಟ್ಟಬೇಕು?

24 ತಿಂಗಳಿಗಿಂತ ಜಾಸ್ತಿ ನಿಮ್ಮ ಕೈಯಲ್ಲಿದ್ದ ಮನೆಯ ಲಾಭಕ್ಕೆ ಶೇ 12.5. 2024ರ ಜುಲೈ 23ಕ್ಕಿಂತ ಮೊದಲು ಪಡೆದ ಮನೆಯಾದರೆ, ಇಲ್ಲೇ ವಾಸವಿರುವವರು ಹಣದುಬ್ಬರದ ಲೆಕ್ಕ ಹಿಡಿದು ಶೇ 20ರಂತೆಯೂ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಮನೆಗಳಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲು ಅಂತ ಹಿಡಿಯಬಹುದು. ಹಳೆ ಮನೆ ಮಾರುವವರಿಗೆ ಇದರಿಂದ ತುಂಬಾ ಉಳಿಯುತ್ತದೆ. ಕೋಣೆ ಸೇರಿಸಿದ, ಮಹಡಿ ಕಟ್ಟಿಸಿದ ಬಿಲ್ಲುಗಳನ್ನೂ ಹುಡುಕಿಡಿ.

ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ಲಾಭದಿಂದ ಅದಕ್ಕೆ ಹಾಕಿದಷ್ಟಕ್ಕೆ ತೆರಿಗೆ ಇಲ್ಲ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ನಿಮ್ಮ ಪ್ಯಾನ್ ಹೆಸರಿನಲ್ಲಿ ಕಟ್ಟಬೇಕು. ನೀವು ವಿದೇಶದಲ್ಲಿ ನೆಲೆಸಿದವರಾದರೆ ಲೆಕ್ಕವೇ ಬೇರೆ. ಕರಾರಿಗೆ ಮೊದಲೇ ಆಡಿಟರ್ ಹತ್ತಿರ ಹೋಗಿ.

ಕರಾರಿನಲ್ಲಿ ಏನು ಇರಲೇಬೇಕು?

ಒಟ್ಟು ಬೆಲೆ, ಅಡ್ವಾನ್ಸ್, ಉಳಿದ ಹಣ ಯಾವ ತಾರೀಖಿಗೆ, ತಪ್ಪಿದರೆ ಏನು. ಮೂರು ತಿಂಗಳ ಅವಧಿ ಹಾಕುವುದು ರೂಢಿ. ತಾರೀಖು ಹಾಕುವಾಗ ಪಂಚಾಂಗ ನೋಡಿ. ಅಧಿಕ ಮಾಸವೋ ಆಷಾಢವೋ ಅಡ್ಡ ಬಂದು, ಆಮೇಲೆ 'ಸ್ವಲ್ಪ ತಡೀರಿ' ಅಂತ ಶುರುವಾಗುತ್ತದೆ. ಪೂರ್ತಿ ಹಣ ಬರುವವರೆಗೆ ಕೀಲಿ ಕೊಡಬೇಡಿ. 'ಹಾಲು ಉಕ್ಕಿಸ್ಕೊಳ್ತೀವಿ, ಅಷ್ಟೇ' ಅಂದರೂ ಬೇಡ.

ಮನೆಯ ಜೊತೆ ಏನೇನು ಹೋಗುತ್ತದೆ ಅಂತಲೂ ಬರೆಸಿ. ಸೋಲಾರ್, ಯುಪಿಎಸ್, ಮೋಟಾರ್, ಫ್ಯಾನ್, ಗ್ರೈಂಡರ್ ಕಲ್ಲು. ಜಗಳ ಹುಟ್ಟುವುದು ಇಂಥ ಸಣ್ಣ ವಿಷಯಕ್ಕೇ.

ತೋಟದೊಳಗಿನ ಮನೆ ಮಾರುವುದೂ ಹೀಗೇನಾ?

ಅಲ್ಲ. ಅದು ಕೃಷಿ ಭೂಮಿಯ ವ್ಯವಹಾರ. ಪಹಣಿ, ಮ್ಯುಟೇಶನ್ ಬೇಕು. ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೊಳ್ಳಬಹುದು. ಹೋಂಸ್ಟೇ ಮಾಡಬಹುದಾ ಅಂತ ಕೇಳುವವರಿಗೆ, ನಿಮ್ಮ ಹತ್ತಿರ ಪರವಾನಗಿ ಇಲ್ಲದಿದ್ದರೆ ಆಗುತ್ತದೆ ಅಂತ ಮಾತು ಕೊಡಬೇಡಿ.

ರಿಜಿಸ್ಟರ್ ಆಯಿತು. ಮನೆ ಬಿಟ್ಟುಕೊಡುವ ದಿನ ಏನು ಮಾಡಬೇಕು?

ಮೆಸ್ಕಾಂ ಮೀಟರಿನ, ನೀರಿನ ಮೀಟರಿನ ಫೋಟೋ ತೆಗೆದುಕೊಳ್ಳಿ. ಕರೆಂಟ್ ಸಂಪರ್ಕದ ಆರ್.ಆರ್. ನಂಬರ್ ಅವರ ಹೆಸರಿಗೆ ಮಾಡಿಸಿಕೊಡಿ. ಗೃಹಜ್ಯೋತಿಗೆ ಜೋಡಿಸಿದ ನಿಮ್ಮ ಆಧಾರ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ತೊಂದರೆ. ಗ್ಯಾಸ್, ಬ್ಯಾಂಕ್, ಪೋಸ್ಟಿನವರಿಗೆ ವಿಳಾಸ ತಿಳಿಸಿ.

ಒಂದು ಹಾಳೆಯಲ್ಲಿ ಮನೆಯ ಗುಟ್ಟುಗಳನ್ನು ಬರೆದು ಕೀಲಿಯ ಜೊತೆ ಕೊಡಿ. ನಾನು ಬರೆದದ್ದು ಇಷ್ಟು: ಮೇನ್ ವಾಲ್ವ್ ತುಳಸಿಕಟ್ಟೆಯ ಹಿಂದೆ ಇದೆ, ಎಡಕ್ಕೆ ತಿರುಗಿಸಿದರೆ ಬಂದ್. ಮೋಟಾರ್ ಶಬ್ದ ಬದಲಾದರೆ ಕೂಡಲೇ ಆಫ್ ಮಾಡಿ. ಬಚ್ಚಲಿನ ಚರಂಡಿಯನ್ನು ರೋಹಿಣಿ ಮಳೆಗೆ ಮುಂಚೆ ಎತ್ತಿಸಿ. ಮೂಲೆ ಕೋಣೆಯ ದೋಣಿಯಲ್ಲಿ ಹಲಸಿನ ಎಲೆ ತುಂಬುತ್ತದೆ, ಜೂನ್ ಮೊದಲ ವಾರ ಒಮ್ಮೆ, ಜುಲೈನಲ್ಲಿ ಒಮ್ಮೆ ತೆಗೆಯಬೇಕು. ಹೆಚ್ಚಿನ ಹೆಂಚು ಅಟ್ಟದ ಬಲಗಡೆ ಇದೆ, 46.